ಮಿನಿ ಟ್ರ್ಯಾಕ್ಟರ್: ಕೀ ತಿರುಗಿಸಿದರೆ ಬರೀ ‘ಟಿಕ್’

ಪ್ರಶ್ನೆ (ತೀರ್ಥಹಳ್ಳಿ): ಮಳೆಗಾಲ ಪೂರ್ತಿ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲೇ ನಿಂತಿತ್ತು. ಈಗ ಕೀ ತಿರುಗಿಸಿದರೆ ‘ಟಿಕ್’ ಅನ್ನುತ್ತದೆ, ಇಂಜಿನ್ ಅಲ್ಲಾಡುವುದಿಲ್ಲ. ಬ್ಯಾಟರಿ 12.6 ವೋಲ್ಟ್ ಇದೆ. ಸ್ಟಾರ್ಟರ್ (ಇಂಜಿನ್ ತಿರುಗಿಸುವ ಮೋಟರ್) ಬಿಚ್ಚಲೇಬೇಕಾ? ಅಡಿಕೆ ಕೊನೆಕೊಯ್ಲು ಹತ್ತಿರ ಬಂತು.

ಉತ್ತರ (ಸಾಗರ): ಈಗಲೇ ಬಿಚ್ಚಬೇಡಿ ಮಾರಾಯ್ರೇ. ಕೀ ತಿರುಗಿಸಿ ಹಿಡಿದಾಗ ಬ್ಯಾಟರಿ ವೋಲ್ಟ್ ನೋಡಿ. 9.6ಕ್ಕಿಂತ ಕೆಳಗಿಳಿದರೆ ಮೊದಲ ಅನುಮಾನ ಬ್ಯಾಟರಿ ಮೇಲೆ. ಇಳಿಯದಿದ್ದರೆ ಕರೆಂಟ್ ದಾರಿಯಲ್ಲೇ ಎಲ್ಲೋ ನಿಂತಿದೆ. ನನ್ನದರಲ್ಲಿ ಅರ್ಥ್ ಕೇಬಲ್ (ಬ್ಯಾಟರಿಯಿಂದ ಗಾಡಿಯ ಬಾಡಿಗೆ ಹೋಗುವ ತಂತಿ) ಕೂರುವ ಬೋಲ್ಟ್ ಕೆಳಗೆಲ್ಲ ತುಕ್ಕು, ತಂತಿಯ ತುದಿಯಲ್ಲಿ ಹಸಿರು ಪುಡಿ. ನಮ್ಮ ಥಂಡಿಗೆ ಇದು ಜಾಸ್ತಿ ಅಲ್ವಾ. ಎಮರಿ ಪೇಪರಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿಮಾಡಿ, ಮೇಲೆ ಗ್ರೀಸ್ ಹಚ್ಚಿ.

ಉತ್ತರ (ಹೊಸನಗರ): ಸ್ಕ್ರೂಡ್ರೈವರ್ ಇಟ್ಟು ಸ್ಟಾರ್ಟರಿನ ಎರಡು ಟರ್ಮಿನಲ್ ಶಾರ್ಟ್ ಮಾತ್ರ ಮಾಡಬೇಡಿ. ಗೇರಲ್ಲಿದ್ದರೆ ಇಂಜಿನ್ ತಿರುಗಿ ಗಾಡಿ ಮೈಮೇಲೇ ಬರುತ್ತದೆ.

ಪ್ರಶ್ನೆ ಕೇಳಿದವರು: ಅರ್ಥ್ ಬೋಲ್ಟೇ! ಉಜ್ಜಿದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು.