ಕರಾರು ಕಾನೂನು: ಒಂದೇ ಪದ್ಧತಿ ಸಾಕಾ, ಎಲ್ಲವೂ ಒಟ್ಟಿಗೆ ಬೇಕಾ?

ಸುಮಾ: ಮೊದಲ ವರ್ಷದಿಂದಲೇ ಇಂಗ್ಲಿಷ್, ಜರ್ಮನ್, ಫ್ರೆಂಚ್ ಕರಾರು ಕಾನೂನನ್ನು ಒಟ್ಟಿಗೆ ಕಲಿಸಬೇಕು ಅನ್ನುವುದು ನನ್ನ ವಾದ. ಒಂದನ್ನೇ ಓದಿದವರಿಗೆ ಲೋಕದಲ್ಲಿ ಬೇರೆ ದಾರಿಯೇ ಇಲ್ಲ ಅನ್ನಿಸಿಬಿಡುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯ 1999ರಿಂದ ಸಿವಿಲ್ ಲಾ (ಜರ್ಮನಿ, ಫ್ರಾನ್ಸ್‌ನಂತೆ ಸಂಹಿತೆ ಆಧರಿಸಿದ್ದು), ಕಾಮನ್ ಲಾ (ಇಂಗ್ಲೆಂಡಿನಂತೆ ಕೋರ್ಟಿನ ತೀರ್ಪುಗಳಿಂದ ಬೆಳೆದದ್ದು) ಎರಡನ್ನೂ ಬೆರೆಸಿಯೇ ಪಾಠ ಮಾಡುತ್ತಿದೆ.

ರಾಘವೇಂದ್ರ: ಒಪ್ಪಲ್ಲ ಮೇಡಂ. ಇಂಗ್ಲಿಷ್ ಕಾನೂನು ಕೇಳುವ ಪ್ರತಿಫಲ, ಅಂದರೆ ಕೊಟ್ಟ ಮಾತಿಗೆ ಬದಲಾಗಿ ಎದುರಿನವನು ಕೊಡುವುದು, ಅದೇ ಇನ್ನೂ ಗಟ್ಟಿಯಾಗದ ಹುಡುಗರಿಗೆ, ಫ್ರಾನ್ಸ್‌ನಲ್ಲಿ ಅದು ಬೇಕಿಲ್ಲ ಅಂದರೆ ಎರಡೂ ತಲೆಗೆ ಹತ್ತಲ್ಲ. ಕೊನೆಗೆ ಬಾಯಿಪಾಠ ಮಾಡೋ ಪಟ್ಟಿ ಉಳಿಯುತ್ತದೆ ಅಷ್ಟೇ.

ಸುಮಾ: ತತ್ವದಿಂದ ಶುರು ಮಾಡಿದರೆ ಹಾಗಾಗುತ್ತದೆ ಸರ್. ಒಂದು ಪ್ರಸಂಗದಿಂದ ಶುರು ಮಾಡಿ. ವ್ಯಾಪಾರಿ ಸೋಮವಾರ ಸಹಿ ಹಾಕಿದ ಪತ್ರ ಕೊಡುತ್ತಾನೆ: ಈ ಯಂತ್ರ ಇಷ್ಟು ಬೆಲೆಗೆ, ಶುಕ್ರವಾರದವರೆಗೆ ಕಾಯುತ್ತೇನೆ. ಬುಧವಾರ ಫೋನ್ ಮಾಡಿ, ಕೊಡಲ್ಲ ಅನ್ನುತ್ತಾನೆ. ಗುರುವಾರ ಕೊಳ್ಳುವವನು, ನನಗೆ ಒಪ್ಪಿಗೆ ಅನ್ನುತ್ತಾನೆ. ಇಂಗ್ಲಿಷ್ ಕಾನೂನಿನಲ್ಲಿ ಕರಾರೇ ಇಲ್ಲ, ಕಾಯುವ ಮಾತಿಗೆ ಪ್ರತಿಫಲ ಸಿಕ್ಕಿಲ್ಲವಲ್ಲ. ಜರ್ಮನ್ ಸಿವಿಲ್ ಸಂಹಿತೆಯ 145ನೇ ಕಲಂ ಪ್ರಕಾರ ಅವನು ತನ್ನ ಪ್ರಸ್ತಾಪಕ್ಕೆ ಬದ್ಧ, ಕರಾರು ಆಯಿತು. ಫ್ರಾನ್ಸ್‌ನಲ್ಲಿ 2016ರ ಸುಧಾರಣೆಯ ನಂತರ ಇನ್ನೊಂದು ಉತ್ತರ: ಕರಾರು ಇಲ್ಲ, ಆದರೆ ನಷ್ಟ ಕಟ್ಟಿಕೊಡಬೇಕು. ಕರಾರಿನಿಂದ ಬರಬೇಕಿದ್ದ ಲಾಭ ಮಾತ್ರ ಅದರಲ್ಲಿ ಸೇರಲ್ಲ.

ಇಮ್ರಾನ್: ಕಾಮನ್ ಲಾ ದೇಶಗಳನ್ನೂ ಒಂದೇ ಗುಂಪಿಗೆ ಹಾಕಬೇಡಿ. ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಯ 2-205ನೇ ಕಲಂ ನೋಡಿ. ಇದೇ ಪತ್ರಕ್ಕೆ ಅಲ್ಲಿ ವ್ಯಾಪಾರಿ ಬದ್ಧ. ಪ್ರತಿಫಲ ಬೇಕಿಲ್ಲ, ಆದರೆ ಮೂರು ತಿಂಗಳಿಗಿಂತ ಜಾಸ್ತಿ ನಡೆಯಲ್ಲ.

ರಾಘವೇಂದ್ರ: ಪ್ರಸಂಗ ಚೆನ್ನಾಗಿದೆ, ನಿಜ. ಆದರೆ ಇಂಗ್ಲಿಷ್ ಉತ್ತರ ಯಾಕೆ ಹಾಗೆ ಅಂತ ಹೇಳೋಕೆ ಮತ್ತೆ ಪ್ರತಿಫಲಕ್ಕೇ ಬರಬೇಕು ಅಲ್ವಾ?

ನಾಗರತ್ನ: ಬರಬೇಕು. ಆಗ ಹುಡುಗರೇ ಅದನ್ನು ಕೇಳ್ತಾರೆ ಸರ್, ಅದೇ ಲಾಭ. ಪರಿಹಾರದ ಪಾಠದಲ್ಲೂ ಹೀಗೇ. ಮಾತು ತಪ್ಪಿದವನಿಗೆ ಇಂಗ್ಲಿಷ್ ಕೋರ್ಟು ಸಾಮಾನ್ಯವಾಗಿ ದುಡ್ಡು ಕೊಡು ಅನ್ನುತ್ತದೆ. ಜರ್ಮನಿಯಲ್ಲಿ, ಒಪ್ಪಿದ ಕೆಲಸ ಮಾಡು ಅಂತ ಕೇಳುವುದೇ ಮೊದಲ ಹಕ್ಕು. ದೇಶದೇಶಗಳ ನಡುವಿನ ವ್ಯಾಪಾರಕ್ಕಾಗಿ ಮಾಡಿದ 1980ರ ವಿಯೆನ್ನಾ ಸರಕು ಮಾರಾಟ ಒಪ್ಪಂದ ಬರೆದವರಿಗೂ ಇದು ಪೂರ್ತಿ ಬಗೆಹರಿಯಲಿಲ್ಲ. ಒಪ್ಪಿದ್ದನ್ನು ಮಾಡಿಸುವ ಆದೇಶವನ್ನು ತನ್ನ ದೇಶದ ಕಾನೂನಿನಂತೆ ಕೊಡದ ಕೋರ್ಟು ಇಲ್ಲೂ ಕೊಡಬೇಕಿಲ್ಲ ಅಂತ 28ನೇ ಕಲಂನಲ್ಲಿ ಬಿಟ್ಟುಬಿಟ್ಟರು.

ರಾಘವೇಂದ್ರ: ಹಾಗಾದರೆ ಪರೀಕ್ಷೆ? ಮೂರು ದೇಶದ ಉತ್ತರ ಸುಮ್ನೆ ಒಪ್ಪಿಸಿದವರಿಗೂ ಪೂರ್ತಿ ಅಂಕವಾ?

ಸುಮಾ: ಇಲ್ಲ ಸರ್. ಬುಧವಾರದಿಂದ ಶುಕ್ರವಾರದ ನಡುವೆ ಬೆಲೆ ಏರಿದರೆ ಆ ಹೊರೆ ಯಾರ ತಲೆ ಮೇಲೆ, ಯಾಕೆ, ಅದನ್ನು ಬರೆದವರಿಗೆ ಅಂಕ.

ರಾಘವೇಂದ್ರ: ಆ ಪ್ರಶ್ನೆ ನಾನೂ ಕೇಳ್ತೀನಿ. ಎರಡನೇ ಸೆಮಿಸ್ಟರ್‌ನಲ್ಲಿ.