ಅಪ್‌ಡೇಟ್: ಕಾರ್ಟೆನ್ ಕುಂಡಗಳಿಗೆ ಪೌಡರ್ ಕೋಟಿಂಗ್ ಮಾಡಿಸಿದೆ
ಸುರತ್ಕಲ್‌ನ ನಮ್ಮ ಅಂಗಳದ ಕಾರ್ಟೆನ್ ಸ್ಟೀಲ್ (ಮೇಲಿನ ತುಕ್ಕೇ ಗಟ್ಟಿ ಪದರವಾಗಿ ಒಳಗಿನ ಲೋಹವನ್ನು ಕಾಯುವ ಉಕ್ಕು) ಕುಂಡಗಳಿಂದ ತುಕ್ಕು ನೀರು ಇಳಿದು ಟೈಲ್ಸ್ ಕೆಂಪಾಗುತ್ತಿದೆ, ಪೌಡರ್ ಕೋಟಿಂಗ್ (ಒಣ ಬಣ್ಣದ ಪುಡಿ ಹಾಕಿ ಓವನ್‌ನಲ್ಲಿ ಕಾಯಿಸುವುದು) ಮಾಡಿಸಬಹುದಾ ಅಂತ ಕೇಳಿದ್ದೆ. "ಬಿಡಿ, ಆ ತುಕ್ಕೇ ಅದಕ್ಕೆ ರಕ್ಷಣೆ" ಅಂದವರೇ ಹೆಚ್ಚು. ಒಳನಾಡಿಗೆ ಆ ಮಾತು ಸರಿ. ಒದ್ದೆಯಾಗಿ, ಒಣಗಿ, ಮೇಲ್ಪದರ ಗಟ್ಟಿಯಾಗುತ್ತದೆ. ಕಡಲ ಉಪ್ಪುಗಾಳಿಗೆ ಅದು ಕೂರುವುದೇ ಇಲ್ಲ. ಉಗುರಲ್ಲಿ ಕೆರೆದರೆ ಹಪ್ಪಳದ ಚೂರಿನ ಹಾಗೆ ಏಳುತ್ತಿತ್ತು.

ಬೈಕಂಪಾಡಿಯ ಒಂದು ವರ್ಕ್‌ಶಾಪ್‌ನಲ್ಲಿ ಮಾಡಿಸಿದೆ. ಬಣ್ಣಕ್ಕಿಂತ ಅದರ ಮುಂಚಿನ ಕೆಲಸವೇ ಮುಖ್ಯ. ಮೊದಲು ಗ್ರಿಟ್ ಬ್ಲಾಸ್ಟಿಂಗ್ (ಒರಟು ಕಣಗಳನ್ನು ರಭಸದಿಂದ ಹಾಯಿಸಿ ತುಕ್ಕು ತೆಗೆಯುವುದು), ಆಮೇಲೆ ಶುದ್ಧ ನೀರಲ್ಲಿ ತೊಳೆದು ಒಣಗಿಸಿ ಮತ್ತೊಮ್ಮೆ ಬ್ಲಾಸ್ಟಿಂಗ್. ತುಕ್ಕಿನ ಸಣ್ಣ ಗುಳಿಗಳಲ್ಲಿ ಉಪ್ಪು ಉಳಿದರೆ ಕೋಟಿಂಗ್ ಅಡಿಯಲ್ಲೇ ಗುಳ್ಳೆ ಏಳುತ್ತದೆ. ಚೂಪು ಅಂಚಿನಲ್ಲಿ ಪೌಡರ್ ತೆಳುವಾಗುತ್ತದೆಂದು ಅಂಚುಗಳನ್ನು ಮೊದಲೇ ಉಜ್ಜಿಸಿ ದುಂಡಗೆ ಮಾಡಿಸಿದ್ದೆ. ನೀರು ಇಳಿಯುವ ತೂತುಗಳನ್ನೂ ಆಗಲೇ ಕೊರೆಸಿದ್ದೆ. ಅದೇ ದಿನ ಝಿಂಕ್ ಇರುವ ಎಪಾಕ್ಸಿ ಪ್ರೈಮರ್, ಮೇಲೆ ಪಾಲಿಯೆಸ್ಟರ್ ಪೌಡರ್, ಸುಮಾರು 200 ಡಿಗ್ರಿ ಓವನ್. ಮೇಲಿನ ಕೋಟ್ ಕೂಡ ಎಪಾಕ್ಸಿಯೇ ಸಾಕು ಅಂತ ವರ್ಕ್‌ಶಾಪ್‌ನವರು ಅಂದರು, ನಾನು ಒಪ್ಪಲಿಲ್ಲ: ಬಿಸಿಲಿಗೆ ಅದು ಸುಣ್ಣದ ಪುಡಿಯಂತಾಗಿ ಕೈಗೆ ಹತ್ತುತ್ತದೆ.

ಒಳಭಾಗಕ್ಕೂ ಕೋಟಿಂಗ್ ಬೇಕೇ ಬೇಕು. ಹಸಿ ಮಣ್ಣು ತಾಗಿಕೊಂಡಿರುವ ಕಡೆ ಸ್ಟೀಲ್ ಒಣಗುವುದೇ ಇಲ್ಲ, ತಿನ್ನುವುದು ಅಲ್ಲಿಂದಲೇ.

ಮಳೆಗಾಲ ಕಳೆಯಿತು, ಟೈಲ್ಸ್ ಮೇಲೆ ಹೊಸ ಕಲೆ ಇಲ್ಲ. ಒಂದು ಮೂಲೆಯಲ್ಲಿ ಕರಣೆ ತಾಗಿ ಚಕ್ಕೆ ಎದ್ದಿತ್ತು. ಉಜ್ಜಿ, ಪ್ರೈಮರ್ ಹಾಕಿ, ಟಚ್‌ಅಪ್ ಪೇಂಟ್ ಬಳಿದಿದ್ದೇನೆ. ಮಲ್ಲಿಗೆ ಚೆನ್ನಾಗಿ ಚಿಗುರಿದೆ.