ದಾವಣಗೆರೆ ಬಿಸಿಲಿಗೆ ಫ್ಲವರಿಂಗ್ ಕ್ವಿನ್ಸ್ ಬರುತ್ತಾ? ಬೆಳೆಸಿದವರು ಹೇಳಿ

ನಿಟ್ಟುವಳ್ಳಿಯಿಂದ ಪ್ರಶ್ನೆ: ಗೇಟಿನ ಪಕ್ಕ ಸ್ವಲ್ಪ ಜಾಗ ಇದೆ, ಬೆಳಗಿನ ಬಿಸಿಲು ಬೀಳುತ್ತದೆ, ಬೋರ್ ನೀರು. ಎಲೆ ಬರುವ ಮೊದಲೇ ಬೋಳು ಕೊಂಬೆ ತುಂಬ ಕೆಂಪು ಹೂ ಬಿಡುವ ಕ್ವಿನ್ಸ್ ಹಾಕುವ ಆಸೆ. ಅನುಭವ ಇದ್ದವರು ತಿಳಿಸಿ.

ವಿದ್ಯಾನಗರ: ನನ್ನ ಕಥೆ ಕೇಳಿ ಮೇಡಂ. ಆನ್‌ಲೈನ್‌ನಲ್ಲಿ ಗಿಡಕ್ಕೆ 850, ಕೊರಿಯರ್‌ಗೆ 220. ಬರುವಾಗಲೇ ಬೇರಿನ ಮಣ್ಣೆಲ್ಲ ಉದುರಿತ್ತು. ದೊಡ್ಡ ಕುಂಡ 480, ಕೆಂಪು ಮಣ್ಣು ಮತ್ತು ಎರೆಗೊಬ್ಬರ 350, ಏಪ್ರಿಲ್ ಬಿಸಿಲಿಗೆ ಹಸಿರು ನೆಟ್ ಕಟ್ಟಿಸಿದ್ದು 900. ಗಿಡ ಚೆನ್ನಾಗಿಯೇ ಇದೆ, ಮುಳ್ಳೂ ಬಂದಿದೆ, ಹೂ ಮಾತ್ರ ಒಂದೂ ಇಲ್ಲ. ಇದು ಚೀನಾ, ಜಪಾನ್ ಕಡೆಯ ಗಿಡ. ಚಳಿಗಾಲದಲ್ಲಿ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ಒಂದಷ್ಟು ಕಾಲ ಸಿಕ್ಕರೇನೇ ಮೊಗ್ಗು ಸರಿಯಾಗಿ ಎದ್ದೇಳುವುದು. ನಮ್ಮ ಡಿಸೆಂಬರ್ ರಾತ್ರಿ 14–15ರ ಆಸುಪಾಸಿಗೇ ನಿಲ್ಲುತ್ತದೆ. ಮಾರಿದವರು ‘ಎಲ್ಲ ಹವೆಗೂ ಸೈ’ ಅಂತ ಬರೆದಿದ್ದರು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಚಿತ್ರದುರ್ಗ, ಜೆ.ಸಿ.ಆರ್. ಬಡಾವಣೆ: ಹೂ ಬರಲ್ಲ ಅಂತ ಹೆದರಿಸಬೇಡಿ ಸಾರ್. ನಮ್ಮನೇಲಿ ವರ್ಷಪೂರ್ತಿ ಬಿಡುತ್ತದೆ, ಕೆಳಗೆ ಫೋಟೋ ಹಾಕಿದ್ದೇನೆ. ಸರಿಯಾಗಿ ನೋಡಿಕೊಳ್ಳಬೇಕು ಅಷ್ಟೇ.

ಹಿರಿಯೂರು: ವರ್ಷಪೂರ್ತಿ ಅಂದಾಗಲೇ ಅನುಮಾನ ಬಂತು. ಕ್ವಿನ್ಸ್ ಹಾಗೆ ಬಿಡುವ ಗಿಡವೇ ಅಲ್ಲ. ನಿಮ್ಮ ಫೋಟೋದಲ್ಲಿರುವುದು ಯೂಫೋರ್ಬಿಯಾ ಅನ್ನೋ ಬೇರೆ ಮುಳ್ಳಿನ ಗಿಡ ಅಣ್ಣ, ಮುಳ್ಳು ನೋಡಿ ಯಾರೋ ಮೋಸ ಮಾಡಿದ್ದಾರೆ. ಕೊಂಬೆ ಮುರಿದು ನೋಡಿ, ಹಾಲು ಬಂದರೆ ಕ್ವಿನ್ಸ್ ಅಲ್ಲ. ನನ್ನದು ನಿಜವಾದ ಕ್ವಿನ್ಸೇ ಆಗಿತ್ತು. ಗಡಸು ನೀರು ಹಾಕಿ ಹಾಕಿ ಎಲೆ ಹಳದಿ, ನರ ಮಾತ್ರ ಹಸಿರು. ಮಣ್ಣಲ್ಲಿ ಸುಣ್ಣದಂಶ ಜಾಸ್ತಿ ಆದರೆ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಕಬ್ಬಿಣದ ಚೀಲೇಟ್ (ಗಿಡ ಸುಲಭವಾಗಿ ಹೀರುವ ಕಬ್ಬಿಣದ ಗೊಬ್ಬರ) 400 ಕೊಟ್ಟು ತಂದು ಸಿಂಪಡಿಸಿದೆ, ಹೊಸ ಎಲೆ ಹಸಿರಾಯಿತು, ಡಬ್ಬಿ ಮುಗಿದ ಮೇಲೆ ಮತ್ತೆ ಅದೇ ಕಥೆ. ಅದರ ಮೇಲೆ ತೋಟದ ಕೆಲಸದವನು ದಸರಾ ಹೊತ್ತಿಗೆ ನೀಟಾಗಿ ಕಾಣಲಿ ಅಂತ ಎಲ್ಲ ಕತ್ತರಿಸಿದ. ಹಳೇ ಕೊಂಬೆಯಲ್ಲೇ ಮೊಗ್ಗು ಕೂರುವ ಗಿಡ ಇದು, ಕತ್ತರಿ ಹಾಕುವುದಿದ್ದರೆ ಹೂ ಮುಗಿದ ತಕ್ಷಣ ಹಾಕಬೇಕು. ಇದ್ದಬದ್ದ ಆಸೆಯೂ ಹೋಯಿತು.

ವಿದ್ಯಾನಗರ: ಗಡಸು ನೀರಾದರೆ ಮಳೆನೀರು ಹಿಡಿದು ಹಾಕಿ. ನಾನು ಹಾಗೇ ಮಾಡುವುದು.

ಹಿರಿಯೂರು: ದಾವಣಗೆರೆಯಲ್ಲಿ ಕುಂದವಾಡ ಕೆರೆ ನೀರು ಕುಡಿಯುವವರಿಗೆ ಹೇಳೋದು ಸುಲಭ. ನಮ್ಮ ಕಡೆ ಮಳೆ ಬಿದ್ದರೆ ತಾನೇ ಹಿಡಿಯೋದು!

ವಿದ್ಯಾನಗರ: ನಲ್ಲಿ ನೀರು ನಮಗೂ ದಿನಾ ಬರಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ಚಳ್ಳಕೆರೆ: ಈ ಜಗಳ ಯಾಕೆ? ಕಾಗದದ ಹೂ ಹಾಕಿ ಅಕ್ಕ. 60 ರೂಪಾಯಿ ಗಿಡ. ನೀರು ಕಡಿಮೆ ಮಾಡಿದಷ್ಟೂ ಹೂ ಜಾಸ್ತಿ. ನಮ್ಮ ಕಾಂಪೌಂಡ್ ನೋಡಲು ಜನ ನಿಲ್ಲುತ್ತಾರೆ.

ಹಿರಿಯೂರು: ಅವರು ಕೇಳಿದ್ದು ಕ್ವಿನ್ಸ್. ಬೀದಿ ಬೀದಿಯಲ್ಲಿ ಇರೋ ಗಿಡ ಹೇಳೋಕೆ ನೀವ್ಯಾಕೆ?

ಚಳ್ಳಕೆರೆ: ಬೀದಿಯಲ್ಲಿದೆ ಅಂದರೆ ಈ ಮಣ್ಣಿಗೆ ಒಗ್ಗಿದೆ ಅಂತ ಅರ್ಥ. 2,800 ಸುರಿದು ಬರೀ ಮುಳ್ಳು ಬೆಳೆಸುವುದಕ್ಕಿಂತ ವಾಸಿ ಅಲ್ವಾ?

ಚಿತ್ರದುರ್ಗ, ಜೆ.ಸಿ.ಆರ್. ಬಡಾವಣೆ: ನನ್ನ ಫೋಟೋ ನಾನು ತೆಗೆಯಲ್ಲ. ನಾಳೆ ಎಲ್ಲರೆದುರೇ ಕೊಂಬೆ ಮುರಿದು ವಿಡಿಯೋ ಹಾಕುತ್ತೇನೆ, ಹಾಲು ಬರುತ್ತೋ ಇಲ್ಲವೋ ನೀವೇ ನೋಡಿ.